ಅಪ್ಪನ ಬಾಯಿಗೆ ಬೀಗ

"ಇಂಥದ್ದೊಂದು ಹರಕು ಬಾಯಿ ಮನೆಯಲ್ಲಿದ್ದರೆ ಮಗುವಿನ ಮಿದುಳು ಕೊಳೆಯದೆ ಅರಳುತ್ತಾ? ನೀವೇ ಹೇಳಿ!"

ಷಡ್ಡಕ ಇದನ್ನು ಮೈಕಿನಲ್ಲಿ ಕೇಳಿದ. ಕೇಳಿದ್ದು ಸಾಲದು ಅಂತ ಬೆರಳು ಮಾಡಿ ತೋರಿಸಿದ. ಬಣ್ಣಬಣ್ಣದ ರಬ್ಬರ್ ಚಾಪೆಗಳ ಮೇಲೆ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಪ್ಪ ಅಮ್ಮಂದಿರೆಲ್ಲ ಕತ್ತು ಹೊರಳಿಸಿ ಹಿಂದಿನ ಸಾಲಿನ ಕಡೆ ನೋಡಿದರು. ಅಲ್ಲಿ ಕಹಳೆ ಕೂತಿದ್ದ.

ಕಹಳೆ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ, ಮಂಡಿಯವರು ಇಟ್ಟದ್ದು. ತರಕಾರಿ ಮಂಡಿಯಲ್ಲಿ ಹರಾಜು ಕೂಗುವುದು ಅವನ ಕಸುಬು. ಟೊಮೆಟೊ ಕ್ರೇಟುಗಳ ಮೇಲೆ ಹತ್ತಿ ನಿಂತು ಅವನು ಬಾಯಿ ಬಿಟ್ಟರೆ, ಆ ತುದಿಯಲ್ಲಿ ಈರುಳ್ಳಿ ಮೂಟೆಗೆ ಒರಗಿ ನಿದ್ದೆ ಹೊಡೆಯುತ್ತಿದ್ದವನೂ ಗಾಬರಿಯಿಂದ ಎದ್ದು ತನಗೆ ಬೇಡದ ಮಾಲಿಗೆ ಕೈ ಎತ್ತಿಬಿಡುತ್ತಿದ್ದ. ಕೂಗಿನ ಜೊತೆಗೆ ಬೈಗುಳವೂ ಧಾರಾಳ. ಸ್ಕೂಲು ಅವನನ್ನು ಬಿಟ್ಟಿತೋ ಅವನೇ ಸ್ಕೂಲನ್ನು ಬಿಟ್ಟನೋ, ಅಂತೂ ಎರಡೂ ಕಡೆ ಯಾರೂ ಕಣ್ಣೀರು ಹಾಕಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ, ಹಾಗೆ ಬದುಕಿಕೊಂಡಿದ್ದ.

ಇನ್ನು ಷಡ್ಡಕ. ಹೆಂಡತಿಯ ಅಕ್ಕನ ಗಂಡ. ಮೊದಲು ಆತ ಚಪ್ಪಲಿ ಮಾರುತ್ತಿದ್ದ. ಆಗ ಹಿಮ್ಮಡಿ ನೋವಿನ ಪಂಡಿತ. ಆಮೇಲೆ ಹಾಸಿಗೆ ಮಾರಿದ. ಆಗ ಬೆನ್ನುಮೂಳೆಯ ಪಂಡಿತ. ಈಗ ಹಸುಗೂಸುಗಳ ಮಿದುಳು ಬೆಳೆಸುವ ಕೇಂದ್ರ ತೆರೆದಿದ್ದ. ಹೀಗೆ ಮನುಷ್ಯರ ಮೈಯಲ್ಲಿ ಪಾದದಿಂದ ಹತ್ತುತ್ತಾ ಹತ್ತುತ್ತಾ ತಲೆಯವರೆಗೆ ಬಂದಿದ್ದಾನೆ, ಇನ್ನು ಉಳಿದಿರೋದು ಟೋಪಿ ಒಂದೇ ಅಂತ ಕಹಳೆ ಮಂಡಿಯಲ್ಲಿ ಆಡಿಕೊಂಡಿದ್ದ. ಆ ಮಾತು ಹೋಗಿ ಮುಟ್ಟಬೇಕಾದ ಕಿವಿಗೆ ಮುಟ್ಟಿತ್ತು. ಅದಕ್ಕೇ ಈ ಮೈಕು, ಈ ಬೆರಳು.

ಹಾಗಿದ್ದರೂ ಕಹಳೆ ಅಲ್ಲಿ ಬಂದು ಕೂತದ್ದು ಮಗಳಿಗಾಗಿ. ಮಗಳನ್ನು ಅವನು ಬಟಾಣಿ ಅನ್ನುತ್ತಿದ್ದ. ಬಟಾಣಿಗೆ ಒಂದೂವರೆ ವರ್ಷ ದಾಟಿದರೂ ಒಂದು ನೆಟ್ಟಗಿನ ಮಾತು ಬಂದಿರಲಿಲ್ಲ. ಪಕ್ಕದ ಮನೆಯ ಕೂಸು, ಇದಕ್ಕಿಂತ ಚಿಕ್ಕದು, ಆಗಲೇ "ನೀರು", "ಕೊಡು", "ಹೋಗು" ಅಂತ ಮನೆಯವರನ್ನು ಆಳುತ್ತಿತ್ತು. ಹೆಂಡತಿಗೆ ನಿದ್ದೆಯೇ ಹತ್ತದಾಯಿತು. ಮಕ್ಕಳ ಡಾಕ್ಟರು ಕಿವಿ ನೋಡಿ, "ಚೆನ್ನಾಗೇ ಕೇಳಿಸುತ್ತೆ. ಮಾತಾಡಿಸ್ತಾ ಇರಿ, ಆಡುತ್ತೆ. ಎರಡು ತುಂಬಿದ ಮೇಲೂ ಹೀಗೇ ಇದ್ದರೆ ಬನ್ನಿ" ಅಂದಿದ್ದರು.

"ಇಷ್ಟು ಹೇಳೋಕೆ ಡಾಕ್ಟರ್ ಯಾಕೆ ಬೇಕಿತ್ತು?" ಅಂತ ಹೆಂಡತಿಗೆ ಸಿಟ್ಟು. ಚೀಟಿ ಬರೆದುಕೊಡದ ಡಾಕ್ಟರನ್ನು ನಂಬುವುದು ಹೇಗೆ? ಅಷ್ಟರಲ್ಲಿ ಅಕ್ಕ ಫೋನ್ ಮಾಡಿ, "ನಮ್ಮವರಿಗೆ ಬಿಟ್ಟಿ ಕಣೇ, ಕರ್ಕೊಂಡು ಬಾ" ಅಂದಳು. ಬಿಟ್ಟಿ ಯಾಕೆ ಅನ್ನೋದು ಆ ಬೆರಳು ತನ್ನ ಕಡೆ ತಿರುಗಿದಾಗಲೇ ಕಹಳೆಗೆ ಹೊಳೆದದ್ದು. ತೋರಿಸೋಕೆ ಒಂದು ರೋಗ ಬೇಕಿತ್ತು, ಸಿಕ್ಕಿತು.

ಎದ್ದು ನಿಂತ. ಹೆಂಡತಿ ತೊಡೆ ಚಿವುಟಿ ಕೂರಿಸಿದಳು.

"ಹಸಿ ಸಿಮೆಂಟು!" ಷಡ್ಡಕ ಮುಂದುವರಿಸಿದ. ಕೈಯಲ್ಲಿ ಪ್ಲಾಸ್ಟಿಕ್ಕಿನ ಮಿದುಳು. ಅದನ್ನು ಎರಡು ಹೋಳು ಮಾಡಿ ಒಳಗಿನ ಕೆಂಪು ನೀಲಿ ತೋರಿಸುತ್ತಿದ್ದ. "ಮಗುವಿನ ಮಿದುಳು ಅಂದರೆ ಹಸಿ ಸಿಮೆಂಟು. ಈಗ ಅದರ ಮೇಲೆ ಎಮ್ಮೆ ನಡೆದರೆ ಎಮ್ಮೆ ಗೊರಸು. ಆಮೇಲೆ ಅಳಿಸಿ ಅಂದರೆ ಯಾರಪ್ಪನ ಕೈಲೂ ಆಗಲ್ಲ."

ಬೈಗುಳಕ್ಕೆ ಬೆದರುವ ಪೈಕಿಯಲ್ಲ ಕಹಳೆ. ಆದರೆ ಈ ಸಿಮೆಂಟಿನ ಮಾತು ಎದೆಗೆ ಹೋಗಿ ಕೂತುಬಿಟ್ಟಿತು. ಮಿದುಳಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು, ಅದು ತನಗಿಲ್ಲ ಅಂತ ಮೇಷ್ಟ್ರು ಹೇಳಿದ್ದಷ್ಟೇ. ಅಂಥವನು ಎಮ್ಮೆ ಯಾರು ಅಂತ ಎದ್ದು ಕೇಳುತ್ತಾನಾ?

ಹೀಗೆ ತೀರ್ಪು ಬಂತು. ಮಗುವಿನ ಎದುರು ಅಪ್ಪ ತುಟಿ ಪಿಟಕ್ ಅನ್ನಕೂಡದು. ಅಮ್ಮನೂ ಆದಷ್ಟು ಕಡಿಮೆ. ಮಾತೆಲ್ಲ ಡಬ್ಬಿಯದು. ಕೇಂದ್ರದವರೇ ಕೊಟ್ಟ ಹಳದಿ ಡಬ್ಬಿ. ಬಟನ್ ಒತ್ತಿದರೆ ಜೇನಿನಂಥ ದನಿಯ ಹೆಂಗಸೊಬ್ಬಳು ಶುದ್ಧವಾದ ಮಾತನಾಡುತ್ತಿದ್ದಳು.

"ಭಾವ ಓದಿಕೊಂಡವರು ರೀ," ಅಂದಳು ಹೆಂಡತಿ, ಮನೆಗೆ ಬರುವಾಗ.

"ಏನು ಓದಿದ್ದಾನೆ? ಹಾಸಿಗೆಯ ಬೆಲೆಪಟ್ಟಿ?"

"ಶ್!" ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು. ಹೆಗಲ ಮೇಲೆ ಬಟಾಣಿ ಕಣ್ಣು ಬಿಟ್ಟುಕೊಂಡೇ ಇದ್ದಳು.

ಅಲ್ಲಿಯವರೆಗೆ ಅವನು ಮಂಡಿಯಿಂದ ಬಂದು ಕಾಲು ತೊಳೆದರೆ ಬಟಾಣಿ ಅಂಬೆಗಾಲಲ್ಲೋ ಓಲಾಡುತ್ತಲೋ ಬಂದು ಎದುರಿಗೆ ಕೂರುತ್ತಿದ್ದಳು. "ಬಬ್ಬಬ್ಬಾ ಗೀ!" "ಹೌದಾ? ಆಮೇಲೆ?" "ಗೀ ಗೀ ದ್ದ!" "ಅಯ್ಯೋ ಬಡ್ಡಿಮಗ, ಹಾಗಂದನಾ? ನೀನೇನಂದೆ ಮತ್ತೆ?" ಅವನು ನಿಲ್ಲಿಸಿದಾಗ ಅವಳು, ಅವಳು ನಿಲ್ಲಿಸಿದಾಗ ಅವನು. ತೂಕದವನ ಕಳ್ಳಾಟ, ಲಾರಿ ತಡವಾಗಿದ್ದು, ಕೊಳೆತ ಬದನೆಕಾಯಿಯ ಕಥೆ, ಎಲ್ಲವೂ ಅಲ್ಲಿ ವರದಿಯಾಗುತ್ತಿತ್ತು. ಬಟಾಣಿ ಅಪ್ಪನ ಥರವೇ ಕೈ ಎತ್ತಿ, ಕೊನೆಗೆ ದನಿ ಏರಿಸಿ, ಉತ್ತರಕ್ಕೆ ಕಾಯುತ್ತಿದ್ದಳು. ಮಾತೊಂದು ಬಿಟ್ಟು ಮಾತಿನ ವರಸೆಯೆಲ್ಲ ಬಂದಿತ್ತು.

ಈಗ ಅವನು ಬಂದರೆ ಬಾಗಿಲಲ್ಲೇ ಬಾಯಿಗೆ ಬೀಗ. ಅವಳು "ಬಬ್ಬಬ್ಬಾ?" ಅಂದರೆ ಇವನು ಹಲ್ಲು ಕಿರಿದು ತಲೆ ಅಲ್ಲಾಡಿಸುವುದು. ಬಾಯಿ ತೆರೆದರೆ ಅಡುಗೆಮನೆಯಿಂದ "ಶ್!" ಕೆಮ್ಮಿದರೆ "ಶ್!" ಹೊಸ್ತಿಲಿಗೆ ಕಿರುಬೆರಳು ಬಡಿದು ಪ್ರಾಣ ಹೋದಂತಾದಾಗ ಒಂದೂ ಮಾತಿಲ್ಲದೆ ಒಂಟಿ ಕಾಲಲ್ಲಿ ಕುಣಿದ, ಆಗಲೂ ಹೆಂಡತಿ ಬೆರಳು ತುಟಿಗೆ ಹೋಯಿತು. ಬಟಾಣಿ ಅಪ್ಪನ ಬಾಯಿಯನ್ನೇ ದಿಟ್ಟಿಸಿ, ಹತ್ತಿರ ಬಂದು, ತುಟಿ ಬಿಡಿಸಿ ಒಳಗೆ ಬಗ್ಗಿ ನೋಡಿದಳು, ಮಾತು ಎಲ್ಲಿ ಬಿದ್ದುಹೋಯಿತು ಅಂತ.

ಇವನ ಬಾಯಿಯಿಂದ ಏನೂ ಹೊರಡದಿದ್ದಾಗ ಅವಳು ಡಬ್ಬಿಯ ಹತ್ತಿರ ಹೋದಳು. ಅಪ್ಪನ ಕಾಲುಚೀಲ ಎತ್ತಿ ಹಿಡಿದು, "ಗೀ?" ಅಂದಳು.

"ಇದು ಆನೆ," ಅಂದಿತು ಡಬ್ಬಿ.

ಬಟಾಣಿ ಕಾಲುಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮತ್ತೆ ಹಿಡಿದಳು. "ಗೀ?"

"ಆನೆಗೆ ಉದ್ದವಾದ ಸೊಂಡಿಲಿದೆ."

ಡಬ್ಬಿಗೆ ಕಾಯುವ ಅಭ್ಯಾಸವಿರಲಿಲ್ಲ. ಆನೆಯಿಂದ ಸೇಬಿಗೆ, ಸೇಬಿನಿಂದ ವಿಮಾನಕ್ಕೆ ಹೋಗುತ್ತಲೇ ಇತ್ತು. ಸ್ವಲ್ಪ ದಿನ ಬಟಾಣಿ ಒಂದೊಂದು ಸಾಮಾನು ತಂದು ಅದಕ್ಕೆ ತೋರಿಸಿದಳು. ಆಮೇಲೆ ತೋರಿಸುವುದನ್ನು ಬಿಟ್ಟಳು. ಆಮೇಲೆ "ಗೀ" ಕೂಡ ಬಿಟ್ಟಳು. ಮನೆಯಲ್ಲಿ ಮೂರು ಜೀವ ಇದ್ದರೂ ಮಾತಾಡುತ್ತಿದ್ದದ್ದು ಆ ನಾಲ್ಕನೆಯವಳು ಒಬ್ಬಳೇ.

ಕಹಳೆ ಮಂಡಿಯಲ್ಲಿ ಈಗ ಎರಡು ಪಟ್ಟು ಕೂಗುತ್ತಿದ್ದ. ಕೂಗಿ ಬಂದು ಮಗಳ ಎದುರು ಮೂಗನ ಹಾಗೆ ಕೂರುತ್ತಿದ್ದ. ಒಂದು ಸಂಜೆ ತಡೆಯಲಾರದೆ ಹೆಂಡತಿಯನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ, "ಇದ್ದ ದನಿಯೂ ಹೋಯ್ತಲ್ಲೇ! ಇನ್ನು ಅವಳು ನನ್ನನ್ನ ಕರೆಯೋದೇ ಇಲ್ವೇನೇ?" ಅಂದ. ಕೂಗಿದ್ದಲ್ಲ, ಕೇಳಿದ್ದು. ಕಹಳೆ ಹಾಗೆ ಕೇಳಿದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ.

ಹೆದರಿ ಭಾವನಿಗೆ ಫೋನ್ ಹಚ್ಚಿದಳು. "ಮಗು ಪೂರ್ತಿ ಸುಮ್ಮನಾಗಿಬಿಟ್ಟಿದೆ ಭಾವ."

"ಭೇಷ್!" ಅಂದ ಆತ. "ಮಾತು ಒಳಗಡೆ ತುಂಬ್ತಾ ಇದೆ. ಕುಕ್ಕರ್ ನೋಡಿಲ್ವಾ? ಕೂಗೋಕೆ ಮುಂಚೆ ಸುಮ್ಮನಿರುತ್ತೆ. ಭಾನುವಾರ ಹೊಸ ಪೋಷಕರು ಬರ್ತಾರೆ, ಕರ್ಕೊಂಡು ಬಾ. ಎಲ್ಲರ ಎದುರಲ್ಲೇ ಮಾತಾಡಿಸ್ತೀನಿ. ಆ ನಿನ್ನ ಗಂಡನನ್ನೂ ಕರ್ಕೊಂಡು ಬಾ, ಕಣ್ಣಾರೆ ನೋಡಲಿ."

ಭಾನುವಾರ ಅದೇ ಚಾಪೆ, ಅದೇ ಪ್ಲಾಸ್ಟಿಕ್ ಮಿದುಳು. ಜನ ಮಾತ್ರ ಹೊಸಬರು, ಮೊದಲಿಗಿಂತ ಜಾಸ್ತಿ. ಬಟಾಣಿಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಕೂರಿಸಿದರು. ಅಕ್ಕ ತಲೆ ಬಾಚಿ ರಿಬ್ಬನ್ ಕಟ್ಟಿದಳು. ಷಡ್ಡಕ ಮೈಕು ಊದಿ ನೋಡಿ ಶುರು ಹಚ್ಚಿದ. ನರ, ನರದ ಬೇರು, ಬೇರಿನ ಕವಲು, ಹೆತ್ತವರ ಅಜ್ಞಾನ. ಗಳಿಗೆ ಕಳೆದರೂ ನಿಲ್ಲಲಿಲ್ಲ. ಕೂಸುಗಳು ಅಳತೊಡಗಿದವು. ಒಬ್ಬ ಅಪ್ಪ ಚಾಪೆಯ ಮೇಲೇ ತೂಕಡಿಸಿ ಮಗುವಿನ ಮೇಲೆ ವಾಲಿದ. ಬಟಾಣಿ ತಲೆ ಎತ್ತಿ ಅಷ್ಟು ಹೊತ್ತೂ ಷಡ್ಡಕನ ಬಾಯಿಯನ್ನೇ ನೋಡುತ್ತಿದ್ದಳು.

"ನೋಡಿ ಎಂಥ ಏಕಾಗ್ರತೆ! ಹರಕು ಬಾಯಿಯ ಮನೆಯಿಂದ ಬಂದ ಮಗು ಇದು, ಅಪ್ಪ ಅಲ್ಲೇ ಕೂತಿದ್ದಾರೆ. ಈಗ ಕೇಳಿ." ಆನೆಯ ಚಿತ್ರ ಎತ್ತಿ ಹಿಡಿದ. ಮೈಕನ್ನು ಅವಳ ಬಾಯಿಗೆ ಒಯ್ದ. "ಹೇಳು ಚಿನ್ನಾ, ಆ… ನೆ. ಇದೇನು? ಆ… ನೆ. ಆನೆಗೆ ಉದ್ದವಾದ…"

ಬಟಾಣಿ ಹುಬ್ಬು ಗಂಟಿಕ್ಕಿದಳು. ಪುಟ್ಟ ತೋರುಬೆರಳನ್ನು ತುಟಿಯ ಮೇಲೆ ನೆಟ್ಟಗೆ ಇಟ್ಟಳು.

"ಶ್ಶ್!"

ಮೈಕು ಅದನ್ನು ಕೋಣೆಯ ಮೂಲೆಮೂಲೆಗೂ ಹಂಚಿತು. ತೂಕಡಿಸುತ್ತಿದ್ದವನು ಎದ್ದು ಕೂತ.

"ಅಲ್ಲ ಚಿನ್ನಾ, ಆ…"

"ಶ್ಶ್ಶ್!" ಈ ಸಲ ಬೆರಳು ತುಟಿಯಿಂದ ಹೊರಟು ಆತನ ಮೂಗಿನವರೆಗೂ ಹೋಗಿ ಗದರಿತು.

ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಮೊದಲ ಮಾತೇ ಮುತ್ತಿನಂಥದ್ದು!" ಅಂತ ಯಾರೋ ಹಿಂದಿನಿಂದ ಕೂಗಿದರು. "ನಮಗೂ ಇದನ್ನೇ ಹೇಳಬೇಕು ಅನ್ನಿಸ್ತಿತ್ತು ಸ್ವಾಮಿ!" ಅಂತ ಇನ್ನೊಬ್ಬರು.

ನಗದೆ ಉಳಿದವರು ಮೂವರೇ. ಷಡ್ಡಕ, ಅವನ ಮುಖ ಬೇಯಿಸಿದ ಬೀಟ್‌ರೂಟು. ಹೆಂಡತಿ, ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಆ ಬೆರಳು, ಆ ಹುಬ್ಬು ಯಾರದ್ದು ಅಂತ ಅವಳಿಗೆ ಗೊತ್ತಾಗಿತ್ತು. "ನಂದು ರೀ… ನಾನೇ…" ಅಂತ ಕಣ್ಣೀರಾದಳು. ಇನ್ನು ಕಹಳೆ. ಬೇರೆ ದಿನವಾಗಿದ್ದರೆ ನೆಲಕ್ಕೆ ಬಿದ್ದು ಉರುಳಾಡಿ ನಗುತ್ತಿದ್ದವನು ಇವತ್ತು ಮಗಳ ಬೆರಳನ್ನೇ ನೋಡುತ್ತಿದ್ದ. ಆನೆ ಬರಲಿಲ್ಲ, ಸೇಬು ಬರಲಿಲ್ಲ, ಅಪ್ಪ ಅಂತೂ ಬರಲೇ ಇಲ್ಲ. ಮಗಳು ಹುಟ್ಟಿದ ಮೇಲೆ ಕಲಿತ ಮೊದಲ ಮಾತು, ಬಾಯಿ ಮುಚ್ಚು. ಯಾರೂ ಹೇಳಿಕೊಟ್ಟದ್ದಲ್ಲ. ಮನೆಯಲ್ಲಿ ಮನುಷ್ಯರು ಮನುಷ್ಯರಿಗೆ ಆಡುತ್ತಿದ್ದದ್ದು ಅದೊಂದೇ, ಅದನ್ನೇ ಹೆಕ್ಕಿಕೊಂಡಳು.

"ಇದು ಇವನದೇ ಕಿತಾಪತಿ!" ಷಡ್ಡಕ ಚಿತ್ರ ಬಿಸಾಡಿದ. "ಕಲಿಸಿ ಕರ್ಕೊಂಡು ಬಂದಿದ್ದಾನೆ, ನನ್ನ ಮರ್ಯಾದೆ ಕಳೆಯೋಕೆ! ಮಂಡಿಯಲ್ಲಿ ಕಿರುಚಿ ಬದುಕೋ ಕತ್ತೆಗೆ ಹುಟ್ಟಿದ್ದು ಇನ್ನೇನಾಗುತ್ತೆ? ಏಯ್, ನಿನಗೇ ಹೇಳ್ತಿರೋದು! ಈಗ ಮಾತಾಡೋ! ಎಲ್ಲಿ ಹೋಯ್ತು ಆ ಬಾಯಿ?"

ಕಹಳೆ ಎದ್ದ. ಸಭೆ ಮೈಯೆಲ್ಲ ಕಿವಿ ಮಾಡಿಕೊಂಡಿತು. ಮುಂದಿನ ಸಾಲಿನ ತಾಯಿಯೊಬ್ಬಳು ಮುಂಜಾಗ್ರತೆಗೆ ತನ್ನ ಕೂಸಿನ ಕಿವಿ ಮುಚ್ಚಿದಳು. ಗಂಟಲಲ್ಲಿ ಬೈಗುಳಗಳು ಸಾಲುಗಟ್ಟಿ ನಿಂತಿದ್ದವು, ನಾ ಮುಂದು ತಾ ಮುಂದು ಅಂತ, ಮಂಡಿಯಲ್ಲಿ ತೂಕದವನಿಗೂ ಬಳಸದೆ ಜೋಪಾನ ಮಾಡಿದ್ದಂಥವು. ಒಂದೊಂದೂ ಈ ಮನುಷ್ಯನ ಅಳತೆಗೆ ಹೊಲಿಸಿದ ಹಾಗಿದ್ದವು. ಮೇಜಿನ ಹತ್ತಿರ ಬಂದು ಬಾಯಿ ತೆರೆದೂ ತೆರೆದ.

ಬಟಾಣಿ ಬೆರಳು ಇಳಿಸಿ, ಅವನ ಬಾಯಿಯನ್ನು ನೋಡಿದಳು. ಕಣ್ಣು ಮಿಟುಕಿಸದೆ ಕಾದಳು.

ಇಷ್ಟು ದಿನದ ಮೇಲೆ ಅಪ್ಪನ ಬಾಯಿಂದ ಇವಳು ಕೇಳುವ ಮೊದಲ ಮಾತು, ಈ ಚಪ್ಪಲಿ ಮಾರುವವನ ಪಾಲಿಗಾ? ಥೂ.

ಬಾಯಿ ಮುಚ್ಚಿದ. ಮಗಳನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡ. ಹೆಂಡತಿ ಕಣ್ಣೊರೆಸಿಕೊಂಡು ಚೀಲ ಹೆಗಲಿಗೆ ಹಾಕಿಕೊಂಡಳು. "ಏಯ್ ಕೂತ್ಕೊಳ್ಳೇ, ಭಾವ ಮಾತಾಡ್ತಿದ್ದಾರೆ!" ಅಂದ ಅಕ್ಕನಿಗೆ, "ಕೇಳಿಸ್ತಿದೆ ಅಕ್ಕ, ಬೀದಿಗೆಲ್ಲ ಕೇಳಿಸ್ತಿದೆ" ಅಂದು ಗಂಡನ ಹಿಂದೆ ಹೊರಟಳು.

"ಹೋಗೋ ಹೋಗು! ನಾಳೆ ಅದು ಮೂಗಾದರೆ ನನ್ನ ಕಾಲು ಹಿಡಿಯೋಕೆ ಬರ್ತೀಯಾ! ಉತ್ತರ ಕೊಡೋ ಗಂಡಸಾದರೆ!" ಷಡ್ಡಕನ ಕೈಯಲ್ಲಿ ಮೈಕು ಇನ್ನೂ ಬದುಕಿತ್ತು. "ಉತ್ತರ ಕೊಡೋ!"

ಕಹಳೆ ಚಾಪೆಗಳ ನಡುವೆ, ಕೂಸುಗಳ ಕೈಕಾಲು ತುಳಿಯದ ಹಾಗೆ ನೋಡಿ ನೋಡಿ ಹೆಜ್ಜೆ ಇಡುತ್ತಾ, ಬಾಗಿಲು ದಾಟಿ, ಮೆಟ್ಟಿಲು ಇಳಿದು ಹೋದ.