ಕ್ಲಚ್ ಇಲ್ಲದ ಗಾಡಿ

ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ರಿಪೇರಿಯಾದ ಪ್ರತಿಯೊಂದು ಬೈಕನ್ನೂ ಒಂದು ಸುತ್ತು ಓಡಿಸಿ, ಎಲ್ಲಿ ಏನು ಸರಿಯಿಲ್ಲವೆಂದು ಹೇಳುವುದು ಅವನ ಕೆಲಸ. ಇಪ್ಪತ್ತೇಳು ವರ್ಷದಿಂದ ಅದೇ ಅನ್ನ. ಅಂಥವನಿಗೆ ಎಂಟು ತಿಂಗಳಿಂದ ಸ್ವಂತ ಎಡಗೈಯೇ ಕೈಕೊಡುತ್ತಿತ್ತು. ಹೆಬ್ಬೆರಳ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು. ನಿಜವಾದ ಡಾಕ್ಟರು, ಈ ಶಕ್ತಿ ಇನ್ನು ಹೋಗುವುದೇ ಹೊರತು ಬರುವುದಿಲ್ಲ ಎಂದಿದ್ದರು. ಅದನ್ನವನು ಹೆಂಡತಿಗೂ ಹೇಳಲಿಲ್ಲ, ಗ್ಯಾರೇಜಿನ ಯಜಮಾನನಿಗಂತೂ ಹೇಳುವ ಮಾತೇ ಇಲ್ಲ. ಕ್ಲಚ್ ಹಿಡಿಯಲಾರದವನ ಕೈಗೆ ಯಾರು ಗಾಡಿ ಕೊಡುತ್ತಾರೆ?

ಗ್ಯಾರೇಜಿನ ಗಾಡಿಗಳನ್ನು ಸಿಗ್ನಲ್ಲಿಲ್ಲದ ಓಣಿಗಳಲ್ಲಿ ಸುತ್ತಿಸಿ ಹೇಗೋ ನಿಭಾಯಿಸುತ್ತಿದ್ದ. ತನ್ನ ಹಳೆಯ ಬೈಕಿನ ಕ್ಲಚ್ ಕೈಗೆ ಭಾರವಾಗಿದ್ದಕ್ಕೇ ಹೊಸದರ ಹುಡುಕಾಟ. ಶೋರೂಮಿನಲ್ಲಿ ಎರಡು ಸ್ಪೋರ್ಟ್ ಟೂರಿಂಗ್ ಬೈಕುಗಳು ಅಕ್ಕಪಕ್ಕ ನಿಂತಿದ್ದವು. ಕೆಂಪಗಿನದು ಅವನ ಕನಸಿನದು, ಗೇರು ಕ್ಲಚ್ಚು ಎಲ್ಲ ಪದ್ಧತಿ ಪ್ರಕಾರ. ಬೂದುಬಣ್ಣದ್ದಕ್ಕೆ ಗೇರು ತಾನಾಗಿ ಬೀಳುತ್ತಿತ್ತು; ಎಡಗಡೆ ಕ್ಲಚ್ ಹಿಡಿಯೇ ಇರಲಿಲ್ಲ. ಅದರ ಮೇಲೆ ಗ್ಯಾರೇಜಿಗೆ ಹೋದರೆ ಕೈಯ ಗುಟ್ಟನ್ನು ಮೈಕು ಹಿಡಿದು ಸಾರಿದ ಹಾಗೆ.

"ನನ್ನನ್ನ ಒಪ್ಕೊಳ್ಳೋಕೆ ನಿಮಗೆ ಹತ್ತು ನಿಮಿಷ ಸಾಕಾಗಿತ್ತು. ಇದಕ್ಕೆ ಇದು ಮೂರನೇ ಶನಿವಾರ," ಎಂದಳು ಜೊತೆಗೆ ಬಂದಿದ್ದ ಹೆಂಡತಿ. "ಬೂದು ತಗೊಳ್ಳಿ. ಕೊಳೆ ಕಾಣಲ್ಲ."

"ಬೈಕೇನು ಕಾಲೊರೆಸುವ ಬಟ್ಟೆನಾ? ಕ್ಲಚ್ ಇಲ್ಲದ ಗಾಡಿ ಓಡಿಸೋದೂ ಒಂದೇ, ಸೋಫಾ ಮೇಲೆ ಕೂರೋದೂ ಒಂದೇ," ಎಂದು ರೇಗಿ, ಅವನು ಕೆಂಪಿನ ಕೀಲಿ ಇಸಿದುಕೊಂಡು ಹೊರಟ.

ಬಯಲು ರಸ್ತೆಯಲ್ಲಿ ಬೈಕು ಹೂವಿನಂತೆ ಹೋಯಿತು. ಎಂಜಿನ್ನಿನ ದನಿ ಕೇಳಿ ಅವನಿಗೆ ಅಳುವೇ ಬಂತು, ಅಷ್ಟು ಚೆನ್ನಾಗಿತ್ತು. ಮೊದಲ ಸಿಗ್ನಲ್ಲಿನಲ್ಲಿ ಕ್ಲಚ್ ಹಿಡಿಯಿಂದ ಬೆರಳು ಜಾರಿತು. ಗಾಡಿ ಮುಗ್ಗರಿಸಿ ನಿಂತಿತು. ಸ್ಟಾರ್ಟ್ ಮಾಡಿದ, ಮತ್ತೆ ಜಾರಿತು. ಹಿಂದೆ ಹಾರನ್ನುಗಳು ಬಾಯಿ ಬಡಿದುಕೊಂಡವು. ಸ್ಕೂಟರಿನ ಹುಡುಗಿಯೊಬ್ಬಳು ಪಕ್ಕದಿಂದ ಹಾಯುತ್ತಾ, "ಅಂಕಲ್, ಮೊದಲು ಓಡಿಸೋದು ಕಲೀರಿ!" ಎಂದಳು. ಅವನು ನಾಚಿಕೆಯಿಂದ ಕುಗ್ಗಿಹೋಗಿ, ಬೈಕನ್ನು ತಳ್ಳಿಕೊಂಡೇ ವಾಪಸು ಬಂದ.

"ಪೆಟ್ರೋಲ್ ಸರಿಯಾಗಿ ಬರ್ತಿಲ್ಲ ಅನ್ಸುತ್ತೆ," ಎಂದ.

ಹೆಂಡತಿ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳವನ್ನು ಅರ್ಧ ತಿರುಗಿಸಿ ಅವನ ಕೈಗಿಟ್ಟಳು. ಬಾಟಲಿ ಬಾಯಿಗಿಡುವ ಮೊದಲೇ ಅವನಿಗೆ ಅರ್ಥವಾಯಿತು. ತಿಂಗಳುಗಳಿಂದ ಮನೆಯ ಯಾವ ಡಬ್ಬಿಯ ಮುಚ್ಚಳವೂ ಬಿಗಿಯಾಗಿರಲಿಲ್ಲ. ಸಕ್ಕರೆಗೆ ಇರುವೆ ಮುತ್ತಿದೆಯೆಂದು ಅವಳನ್ನೇ ಬೈದಿದ್ದ.

"ಯಾವಾಗಿಂದ ಗೊತ್ತು?"

"ನೀವು ಶರ್ಟಿನ ಗುಂಡಿ ಹಾಕ್ಕೊಳ್ಳೋಕಾಗದೆ, ಟೀ ಶರ್ಟೇ ಆರಾಮ ಅಂದ್ರಲ್ಲ, ಅವತ್ತಿಂದ," ಎಂದಳು. ನಂತರ ಮೆಲ್ಲಗೆ, "ರಸ್ತೆ ಮಧ್ಯೆ ಬೀಳ್ಬೇಡ್ರಿ. ಅಷ್ಟೇ ನಾನು ಕೇಳೋದು."

ಅವನು ಬೂದು ಬೈಕಿನ ಕಾಗದಕ್ಕೆ ಸಹಿ ಹಾಕಿದ. ಕೆಂಪಿನ ಕಡೆ ತಿರುಗಿ ನೋಡಲಿಲ್ಲ.

ಮರುವಾರ ಅದರ ಮೇಲೆ ಗ್ಯಾರೇಜಿಗೆ ಹೋದಾಗ ಹುಡುಗರೆಲ್ಲ ಮುತ್ತಿಕೊಂಡರು. "ಡಾಕ್ಟ್ರಿಗೆ ವಯಸ್ಸಾಯ್ತು, ಆಟೊಮ್ಯಾಟಿಕ್ ತಗೊಂಡಿದಾರೆ!" ಎಂದು ನಕ್ಕರು. ಯಜಮಾನ ನಗಲಿಲ್ಲ. ಹ್ಯಾಂಡಲಿನ ಎಡಗಡೆಯನ್ನು ನೋಡಿದ. ಜೇಬಿನೊಳಗೆ ಅಡಗಿದ್ದ ಅವನ ಎಡಗೈಯನ್ನು ನೋಡಿದ. ಇಪ್ಪತ್ತೇಳು ವರ್ಷ ಊರವರ ಗಾಡಿಗಳ ದೋಷ ಹಿಡಿದವನ ದೋಷವನ್ನು, ಯಜಮಾನ ಎಂಜಿನ್ ಕೂಡ ಚಾಲು ಮಾಡದೆ ಹಿಡಿದುಬಿಟ್ಟ.

ಆ ದಿನ ಓಡಿಸಿ ನೋಡಬೇಕಾದ ಗಾಡಿಗಳ ಕೀಲಿಗಳು ಎಂದಿನಂತೆ ಗೋಡೆಯ ಮೇಲೆ ಅವನ ಮೊಳೆಯಲ್ಲಿ ನೇತಾಡುತ್ತಿದ್ದವು. ಯಜಮಾನ ಒಂದೊಂದಾಗಿ ಅವನ್ನು ತೆಗೆದು ತನ್ನ ಜೇಬಿಗೆ ಹಾಕಿಕೊಂಡ.

"ಟೀ ಕುಡಿಯೋಣ ಬಾರೋ," ಎಂದ. ಇಷ್ಟು ವರ್ಷಗಳಲ್ಲಿ ಕೆಲಸ ಶುರುವಾಗುವ ಮೊದಲು ಯಜಮಾನ ಅವನನ್ನು ಟೀಗೆ ಕರೆದದ್ದು ಅದೇ ಮೊದಲು.