ಅಳದ ಕಾಲು

ಪರೀಕ್ಷೆಯ ದಿನ ಬೆಳಿಗ್ಗೆ ಅವನು ಹಾಸಿಗೆಯ ಅಂಚಿನಲ್ಲಿ ಕುಳಿತು ತನ್ನ ಎಡಗಾಲನ್ನು ಹಗೆಯನ್ನು ನೋಡುವಂತೆ ನೋಡುತ್ತಿದ್ದ. ಇವತ್ತು ಈ ಕಾಲು ಕೈಕೊಟ್ಟರೆ ಅಗ್ನಿಶಾಮಕ ಠಾಣೆಯ ಏಣಿ ಬೇರೊಬ್ಬನ ಪಾಲಾಗುತ್ತದೆ. ತಾನು ಕಂಟ್ರೋಲ್ ರೂಮಿನ ಕುರ್ಚಿಗೆ ಅಂಟಿಕೊಂಡು, ಎಲ್ಲೆಲ್ಲಿ ಬೆಂಕಿ ಬಿತ್ತೆಂಬುದನ್ನು ಫೋನಿನಲ್ಲಿ ಕೇಳುತ್ತ, ಉಳಿದವರು ವಾಹನದ ಕಡೆಗೆ ಓಡುವುದನ್ನು ಕಿಟಕಿಯಿಂದ ನೋಡಬೇಕಾಗುತ್ತದೆ. ಕೆಲವು ತಿಂಗಳಿಂದ ಅದನ್ನೇ ನೋಡಿ ಕಡಿದು ಕಡಿದು ಅವನ ಹಲ್ಲು ಸವೆದಿತ್ತು.

ಬೆಂಕಿಯಲ್ಲಿ ಮುರಿದುಕೊಂಡಿದ್ದರೆ ಹೇಳಿಕೊಳ್ಳಲಾದರೂ ಒಂದು ಕಥೆಯಿರುತ್ತಿತ್ತು. ಉರಿಯುವ ಮಹಡಿಗಳಿಂದ ಜನರನ್ನು ಹೆಗಲ ಮೇಲೆ ಹೊತ್ತಿಳಿಸಿದ ಮನುಷ್ಯ, ಸ್ವಂತ ಮನೆಯ ಬಚ್ಚಲಿನಲ್ಲಿ, ಸೋಪಿನ ಚೂರೊಂದರ ಮೇಲೆ ಕಾಲಿಟ್ಟು ಪಾದದ ಮೇಲಿನ ಮೂಳೆ ಮುರಿದುಕೊಂಡಿದ್ದ. ನೋಡಲು ಬಂದ ಠಾಣೆಯವರು ಹಣ್ಣಿನ ಬದಲು ಸೋಪು ತಂದಿದ್ದರು. ಅವನೊಬ್ಬನನ್ನು ಬಿಟ್ಟು ಎಲ್ಲರೂ ನಕ್ಕಿದ್ದರು.

“ಹೇಳ್ರೀ, ಇವತ್ತು ಯಾವುದಕ್ಕೆ?” ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

ಇದು ಫಿಸಿಯೋಥೆರಪಿ ಮೇಡಂ ಹಚ್ಚಿಹೋದ ಕಾಟ. ವ್ಯಾಯಾಮಕ್ಕೆ ಮೊದಲು ದೇಹದಲ್ಲಿ ಕೆಡದೆ ಉಳಿದ ಯಾವುದಾದರೊಂದು ಭಾಗದ ಮೇಲೆ ಅಂಗೈಯಿಡಬೇಕು, ಅದು ನಿನ್ನೆ ಮಾಡಿಕೊಟ್ಟ ಕೆಲಸವನ್ನು ನೆನೆಯಬೇಕು, ಉಪಕಾರವಾಯಿತೆಂದು ಬಾಯಿಬಿಟ್ಟು ಹೇಳಬೇಕು. ಮೇಡಂ ಒಮ್ಮೆ ಹೇಳಿದ್ದನ್ನು ಹೆಂಡತಿ ಚಾಚೂ ತಪ್ಪದೆ ನಡೆಸುತ್ತಿದ್ದಳು. ಅವನು ಮೂಗಿಗೆ ಹೇಳಿದ್ದ, ಹೊಟ್ಟೆಗೆ ಹೇಳಿದ್ದ, ಕೆಡದೆ ಉಳಿದದ್ದೇನೂ ಹೊಳೆಯದ ದಿನ ಉದುರಿಹೋದ ಕೂದಲಿಗೂ ಹೇಳಿದ್ದ.

“ಕಿವಿಗೆ,” ಎಂದ ಅವನು. “ಇಷ್ಟು ವರ್ಷ ನಿನ್ನ ಮಾತು ಕೇಳಿಯೂ ಕಿವುಡಾಗಿಲ್ವಲ್ಲ, ಅದರ ಋಣ ದೊಡ್ಡದು.”

“ಕೇಳಿದ್ರೆ ತಾನೇ ಕಿವುಡಾಗೋದು,” ಎಂದು ಅವಳು ಬಿಸಿನೀರಿನ ಚೀಲವನ್ನು ಎಡಗಾಲಿನ ಮೇಲಿಟ್ಟಳು.

ಆ ಮನೆಯಲ್ಲಿ ಎಡಗಾಲಿಗೆ ನಡೆದ ಸೇವೆ ದೊಡ್ಡ ಮನುಷ್ಯರಿಗೂ ನಡೆದಿರಲಾರದು. ಅದಕ್ಕೆ ಎಣ್ಣೆ, ಅದಕ್ಕೆ ಶಾಖ, ಅದಕ್ಕೆ ರಬ್ಬರ್ ಪಟ್ಟಿಯ ಕಸರತ್ತು. ಮೇಡಂ ಹೇಳಿದ್ದಕ್ಕಿಂತ ಹೆಚ್ಚೇ ಅವನು ಕದ್ದು ಮಾಡುತ್ತಿದ್ದ. ಎಡಗಾಲಿಗೆ ಭಾರ ಕಟ್ಟಿ ಎತ್ತುವಾಗಲೂ ಇಳಿಸುವಾಗಲೂ ಇಡೀ ಮೈಯನ್ನು ಹೊತ್ತು ನಿಂತದ್ದು ಬಲಗಾಲು. ಊರುಗೋಲು ಬಿಟ್ಟ ಮೇಲೆ ಕುಂಟಿ ಕುಂಟಿ ನಡೆದಾಗಲೂ ಅದೇ. ಅಳುವ ಮಗುವಿಗೇ ಹಾಲು ಎನ್ನುತ್ತಾರೆ. ಈ ಕಾಲು ಅಳಲಿಲ್ಲ, ಹಾಗಾಗಿ ಯಾರೂ ಕೇಳಲಿಲ್ಲ. ಈಚೆಗೆ ಅದರ ಮಂಡಿ ಬಿಗಿದುಕೊಂಡಂತಾದಾಗ ಅವನು ಥಂಡಿಯ ಮೇಲೆ ತಪ್ಪು ಹೊರಿಸಿ ಸುಮ್ಮನಾಗಿದ್ದ. ಅದನ್ನೂ ಮೇಡಂಗೆ ತೋರಿಸಬಾರದೇ ಎಂದು ಹೆಂಡತಿ ಎರಡು ಮೂರು ಸಲ ಮಾತೆತ್ತಿದ್ದಳು. ಸರಿಯಿರುವುದನ್ನು ಕೆದಕಬೇಡವೆಂದು ಅವನು ಅಲ್ಲಿಗೇ ಕತ್ತರಿಸಿದ್ದ.

ಎಂದಿನಂತೆ ಅವಳ ಭುಜ ಹಿಡಿದು ಮಹಡಿಯಿಂದಿಳಿದು, ಬೀದಿಗೆ ಬಂದೊಡನೆ ಕೈ ತೆಗೆದು, ಯಾರ ಹಂಗೂ ಇಲ್ಲದವನಂತೆ ಠಾಣೆಗೆ ಹೋದ.

ಠಾಣೆಯ ಹಿಂದಿನ ಅಂಗಳದಲ್ಲಿ ತರಬೇತಿಯ ಗೋಪುರವಿತ್ತು. ಪರೀಕ್ಷೆ ಹೇಳಲು ಸುಲಭ: ಏಣಿಯೇರಿ ಮೇಲಿನ ಕಿಟಕಿ ತಲುಪಬೇಕು, ಅಲ್ಲಿರುವ ಇಬ್ಬರು ಹೆಗಲಿಗೇರಿಸುವ ಮರಳಿನ ಬೊಂಬೆಯನ್ನು ಹೊತ್ತು ಕೆಳಗಿಳಿಯಬೇಕು. ಬೊಂಬೆಗೆ ಠಾಣೆಯಲ್ಲಿ ‘ಬೀಗರು’ ಎಂದು ಹೆಸರು. ಒಮ್ಮೆ ಹೆಗಲೇರಿದರೆ ತಾವಾಗಿ ಇಳಿಯುವವರಲ್ಲ. ನಡುವೆ, ಏರಿದವನು ‘ತಡೆ’ ಎಂದು ಕೂಗಿದರೆ ಎಲ್ಲರೂ ನಿಲ್ಲಬೇಕು. ಪರೀಕ್ಷೆಯೂ ಅಲ್ಲಿಗೇ ಮುಗಿಯಿತು, ಅನುತ್ತೀರ್ಣ.

ಏಣಿಯ ಬುಡದಲ್ಲಿ ಬುಡದಣ್ಣ ಕಾದಿದ್ದ. ಏರುವವನ ಹೆಸರು ಊರಿಗೆಲ್ಲ ಗೊತ್ತು; ಏಣಿ ಜಾರದಂತೆ ಕೆಳಗೆ ಕಾಲೊತ್ತಿ ನಿಲ್ಲುವವನ ಹೆಸರು ಕೇಳುವವರಿಲ್ಲ. ಅದೇ ಕೆಲಸ ಮಾಡಿ ಮಾಡಿ ಅವನ ನಿಜವಾದ ಹೆಸರು ಠಾಣೆಯವರಿಗೂ ಮರೆತುಹೋಗಿತ್ತು.

ಏರುವ ಮುನ್ನ ಏಣಿಯನ್ನು ಮುಟ್ಟಿ ನೋಡುವುದು ಅವರ ರೂಢಿ. ಎಂದೂ ತೊಂದರೆ ಕೊಡದ ಮೆಟ್ಟಿಲನ್ನೂ ಬಿಡುವಂತಿಲ್ಲ. ಮುರಿಯುವುದು ಅಂಥದ್ದೇ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ಈಗ ಏರಲು ನಿಂತ ಇವನೇ. ಈಗಲೂ ಮೆಟ್ಟಿಲು ಮೆಟ್ಟಿಲಿನ ಅಡಿಗೆ ಅಂಗೈ ಸವರುತ್ತ ಬಂದ. ಬುಡದಣ್ಣ ಮಾತ್ರ ಏಣಿಯನ್ನು ನೋಡುತ್ತಿರಲಿಲ್ಲ.

“ತಮ್ಮಾ, ಬಲಗಾಲು ಯಾಕೆ ಎಳೀತಿದ್ದೀಯ?”

“ಮುರಿದಿದ್ದು ಎಡಗಾಲು ಅಣ್ಣ. ಕನ್ನಡಕ ಬದಲಾಯಿಸು.”

“ಕನ್ನಡಕ ಸರಿಯಾಗಿದೆ. ಬೇಕಾದ್ರೆ ಇನ್ನೊಂದು ವಾರ ಕೇಳ್ಕೊಳ್ಳೋಣ.”

“ಕೇಳ್ಕೊಂಡು ಕೇಳ್ಕೊಂಡು ಸಾಕಾಗಿದೆ. ನೀನು ಬುಡ ನೋಡ್ಕೋ, ಸಾಕು.”

ಬುಡದಣ್ಣ ಏಣಿಗೆ ಕಾಲೊತ್ತಿದ. ಠಾಣಾಧಿಕಾರಿ ಕೈಯೆತ್ತಿದರು.

ಏರುವುದು ಹೂವೆತ್ತಿದಂತಾಯಿತು. ಎಡಗಾಲು ಒಂದು ಕ್ಷಣವೂ ಹಿಂಜರಿಯಲಿಲ್ಲ. ತಿಂಗಳುಗಟ್ಟಲೆ ತಿಂದ ಎಣ್ಣೆಯ ಋಣ ತೀರಿಸುವಂತೆ ಮೆಟ್ಟಿಲು ತುಳಿಯಿತು. ಕಿಟಕಿಯಲ್ಲಿ ಬೀಗರು ಹೆಗಲೇರಿದರು. ಅಂಗಳದಿಂದ ಯಾರೋ ಸಿಳ್ಳೆ ಹಾಕಿದರು. ಗೆದ್ದೆ ಎಂದುಕೊಂಡು ಅವನು ಎಡಪಾದವನ್ನು ಕೆಳಗಿನ ಮೆಟ್ಟಿಲಿಗೆ ಇಳಿಬಿಟ್ಟ.

ಬಲಮಂಡಿ ಮಡಚಲಿಲ್ಲ.

ತುಕ್ಕು ಹಿಡಿದ ಕೀಲಿನಂತೆ ಅದು ಅರ್ಧಕ್ಕೆ ಕಚ್ಚಿ ನಿಂತಿತು; ಬಳಿಕ ಅಲ್ಲೇ ನಡುಗತೊಡಗಿತು. ಎಡಪಾದ ಗಾಳಿಯಲ್ಲಿ ಮೆಟ್ಟಿಲಿಗಾಗಿ ತಡಕಾಡಿತು. ಅದನ್ನು ಹಿಂದಕ್ಕೆಳೆದುಕೊಂಡು, ಬಲಪಾದವನ್ನೇ ಮೊದಲು ಇಳಿಸಿ ನೋಡಿದ. ಅದು ಮೆಟ್ಟಿಲು ಮುಟ್ಟಿತು, ಆದರೆ ಭಾರ ಹೊರಲು ಒಪ್ಪದೆ ಒಳಗೊಳಗೇ ಕುಸಿಯಿತು. ಮುರಿದು ಕೂಡಿದ ಕಾಲು ಕಬ್ಬಿಣದಂತೆ ನಿಂತಿದೆ, ಎಂದೂ ಮುರಿಯದ ಕಾಲು ಸಾಯುತ್ತಿದೆ. ಇದೆಂಥ ಅನ್ಯಾಯ! ಹೆಗಲ ಮೇಲೆ ಬೀಗರು ಕೊಂಚ ಜಾರಿದರು.

ಕೆಳಗೆ ನೋಡಿದ. ನೇರ ಕೆಳಗೆ ಬುಡದಣ್ಣನ ತಲೆ. ಬೀಗರು ಬಿದ್ದರೆ ಅಲ್ಲಿಗೇ ಬೀಳಬೇಕು. ಪಕ್ಕಕ್ಕೆ ಹಾರಿ ತಪ್ಪಿಸಿಕೊಳ್ಳುವ ಜಾತಿಯವನಲ್ಲ ಬುಡದಣ್ಣ. ಅವನು ಕೈಬಿಟ್ಟರೆ ಏಣಿ ಜಾರುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು. ಹಲ್ಲು ಕಚ್ಚಿ ಒಂದೊಂದೇ ಮೆಟ್ಟಿಲು ಇಳಿದರೆ? ಮಂಡಿ ಹಿಡಿದರೆ ಏಣಿ ತನ್ನದು. ಹಿಡಿಯದಿದ್ದರೆ?

ಠಾಣಾಧಿಕಾರಿ ಒಂದು ಹೆಜ್ಜೆ ಮುಂದೆ ಬಂದರು. ಮಾತು ಏಣಿಯ ಮೇಲಿದ್ದವನದೇ ಆಗಬೇಕಿತ್ತು.

“ತಡೆ,” ಎಂದ.

ಮೇಲಿನವರು ಕಿಟಕಿಯಿಂದ ಬಗ್ಗಿ ಬೀಗರನ್ನು ಎಳೆದುಕೊಂಡರು. ಬುಡಕ್ಕೆ ಬೇರೊಬ್ಬ ಬಂದು ನಿಂತ. ಬುಡದಣ್ಣ ಹತ್ತಿ ಬಂದು, ಅವನ ಬಲಪಾದವನ್ನು ಕೈಯಲ್ಲಿ ಹಿಡಿದು ಒಂದೊಂದೇ ಮೆಟ್ಟಿಲ ಮೇಲಿಡುತ್ತ, ಕೂಸನ್ನು ಇಳಿಸುವಂತೆ ಇಳಿಸಿದ. ಎಲ್ಲರೂ ನೋಡುತ್ತಿದ್ದರು. ಈ ಸಲ ಸೋಪಿನ ಮಾತೆತ್ತಿ ಯಾರಾದರೂ ನಕ್ಕಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಯಾರೂ ನಗಲಿಲ್ಲ.

ಮುಂದಿನ ಪರೀಕ್ಷೆಯವರೆಗೆ ಏಣಿ ಬೇರೆಯವರದು ಎಂದು ಠಾಣಾಧಿಕಾರಿ ತಿಳಿಸಿದರು. ಮುಂದಿನ ಪರೀಕ್ಷೆ ಯಾವಾಗ ಎಂದು ಕೇಳುವ ತಾಳ್ಮೆ ಅವನಿಗಿರಲಿಲ್ಲ.

ಮಧ್ಯಾಹ್ನ ಹೆಂಡತಿ ಅವನನ್ನು ಮೇಡಂ ಬಳಿಗೆ ಎಳೆದೊಯ್ದಳು. ಮೇಡಂ ಪ್ಯಾಂಟು ಮೇಲೆತ್ತಿ, ಎರಡೂ ಮಂಡಿಗಳ ಮೇಲೆ ಒಂದೊಂದು ಅಂಗೈಯಿಟ್ಟು ಕಣ್ಣು ಮುಚ್ಚಿದರು. ಬಲಗಡೆಯದು ಬಿಸಿಯಾಗಿದೆ, ಒಳಗೆ ನೀರು ತುಂಬಿದೆ ಎಂದರು. ಅವನು ಸಿಡಿದುಬಿದ್ದ. ಬೆಳಗಾದರೆ ಮೂಗಿಗೂ ಕಿವಿಗೂ ಉಪಕಾರ ಹೇಳಿಸಿದ್ದಷ್ಟೇ ಬಂತು, ಅದರಿಂದ ಕಿಸಿದದ್ದೇನು ಎಂದು ಕೇಳಿದ.

“ಒಳ್ಳೇ ಮಾತು ಆಡ್ಲಿ ಅಂತ ಹೇಳಿದ್ದಲ್ಲ ಅದು,” ಎಂದರು ಮೇಡಂ, ಅವರಿಗೂ ಸಿಟ್ಟು ಬಂದಿತ್ತು. “ಕೈ ಇಟ್ಟು ನೋಡ್ಲಿ ಅಂತ. ಒಂದೇ ಒಂದು ದಿನ ಇದರ ಮೇಲೆ ಕೈ ಇಟ್ಟಿದ್ರೆ ಬಿಸಿ ತಿಳೀತಿರಲಿಲ್ವಾ? ಹೋಗ್ಲಿ, ಯಾವತ್ತಿಂದ ನೋವು?”

ಅವನು ಬಾಯಿ ತೆರೆದ. ಎಡಗಾಲು ಯಾವ ದಿನ ನೊಂದಿತು, ಯಾವ ದಿನ ಊದಿತು, ಯಾವ ದಿನ ಮೊದಲ ಹೆಜ್ಜೆಯಿಟ್ಟಿತು ಎಂಬುದೆಲ್ಲ ಅವನಿಗೆ ಬಾಯಿಪಾಠ. ಬಲಗಾಲಿನ ಬಗ್ಗೆ ಹೇಳಲು ಒಂದಕ್ಷರವೂ ಇರಲಿಲ್ಲ.

“ಮಹಡಿ ಗೋಡೆಗೆ ಸುಣ್ಣ ಹೊಡೆಸಿದ ವಾರದಿಂದ ಮೇಡಂ,” ಎಂದಳು ಹೆಂಡತಿ. “ಅಲ್ಲೀವರೆಗೂ ಎಡಗಡೆಗೆ ವಾಲ್ತಿದ್ರು. ಆಮೇಲೆ ಇಳಿಯುವಾಗ ನನ್ನ ಮೇಲೆ ಬೀಳೋ ಭಾರ ಬೇರೆ ಥರ ಆಯ್ತು. ಇವರಿಗೆ ಹೇಳ್ದೆ, ಕೇಳ್ಲಿಲ್ಲ.”

ಎರಡೂ ಕಾಲಿಗೆ ಮೊದಲಿನಿಂದ ಶುರು ಮಾಡೋಣ, ನಾಳೆ ಬನ್ನಿ ಎಂದು ಮೇಡಂ ಕಳುಹಿಸಿಕೊಟ್ಟರು. ಮೊದಲಿನಿಂದ! ಅವನಿಗೆ ಸೋಪಿನ ಮೇಲೆ, ಏಣಿಯ ಮೇಲೆ, ನೀರು ತುಂಬಿದ ಮಂಡಿಯ ಮೇಲೆ, ಗೊತ್ತಿದ್ದೂ ಗಟ್ಟಿಯಾಗಿ ಜಗಳವಾಡದ ಹೆಂಡತಿಯ ಮೇಲೆ ಏಕಕಾಲಕ್ಕೆ ರೇಗುತ್ತಿತ್ತು. ಹೊರಗಿನ ಮೆಟ್ಟಿಲ ಬಳಿ ಅವಳು ಬಂದು ನಿಂತಳು, ಬಲಭುಜವನ್ನು ಸ್ವಲ್ಪ ತಗ್ಗಿಸಿ, ತಿಂಗಳುಗಳಿಂದ ನಿಲ್ಲುತ್ತಿದ್ದಂತೆಯೇ. ಹಿಡಿಯಲು ಹೋದವನು ಕೈಯನ್ನು ಗಾಳಿಯಲ್ಲೇ ತಡೆದ. ಆ ಭುಜ ಇನ್ನೊಂದಕ್ಕಿಂತ ಕೆಳಗಿತ್ತು. ಅವಳು ತಗ್ಗಿಸಿದ್ದಕ್ಕಿಂತಲೂ ಕೆಳಗೆ.

“ಇದು ನೋಯುತ್ತಾ?”

ಅವಳು ಇನ್ನೇನು ಕುಹಕ ಬರುತ್ತದೋ ಎಂದು ಅವನ ಮುಖ ನೋಡಿದಳು.

“ನೋಯುತ್ತೆ.”

“ಯಾವತ್ತಿಂದ?”

“ಇಲ್ಲೇ ಹೇಳ್ಬೇಕಾ?”

“ಹೇಳು,” ಎಂದ ಅವನು ಗಡುಸಾಗಿ. ಗೋಡೆ ಹಿಡಿದು, ಎಡಗಾಲಿನ ಮೇಲೆ ಭಾರ ಬಿಟ್ಟು, ಮೇಲಿನ ಮೆಟ್ಟಿಲ ಮೇಲೆಯೇ ಕಷ್ಟಪಟ್ಟು ಕುಳಿತ. ಅವಳೂ ಚೀಲ ಕೆಳಗಿಟ್ಟು, ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತ ಪಕ್ಕದಲ್ಲಿ ಕುಳಿತಳು.