ಇಪ್ಪತ್ತೆರಡು ಪೊಟ್ಟಣ

ಟ್ರೀಸಾಬಾಯಿಯನ್ನು ಬಂಡೆಯ ಸೀಳಿನೊಳಗೆ ಬಿಟ್ಟು ನಾವು ಬಸ್ಸು ಹೊರಡಿಸಿದೆವು. ಈಗ ಫಾಯಿಲ್ ಹರಿಯುತ್ತಿದೆ, ಚರ್ರೆಂದು, ಮೇಜಿನ ಆಚೆ ಟೂರ್ ಕಂಪನಿಯ ಧಣಿ ಲಕ್ಷ್ಮೀಶಣ್ಣ ಮಧ್ಯಾಹ್ನದ ಪಲಾವು ಬಿಚ್ಚುತ್ತಿದ್ದಾನೆ, ಕೆಳಗೆ ಸೀರೆ ಅಂಗಡಿಯ ಬಾಗಿಲ ಗಂಟೆ, ಲಂಡನ್ನಿನ ಈಸ್ಟ್ ಹ್ಯಾಮಿನ ರಸ್ತೆ ಅಗೆಯುವ ಡ್ರಿಲ್ಲು ನನ್ನ ಹಲ್ಲಿನ ಬುಡಕ್ಕೇ ಇಳಿಯುತ್ತಿದೆ — ಉಣ್ಣು ವಿಜೇತಾ, ಉಂಡು ಟ್ರೀಸಾಬಾಯಿಯ ಗಂಡನಿಗೆ, ಆ ಜೇಮ್ಸ್ ಬಾಬರಿಗೆ, ಫೋನ್ ಮಾಡು, ಎನ್ನುತ್ತಾ ನನ್ನ ಮುಂದೆಯೂ ಒಂದು ಪೊಟ್ಟಣ ತಳ್ಳುತ್ತಾನೆ, ಬೆಳ್ಳಿ ಬಣ್ಣದ್ದು, ಬಿಸಿ ಇದೆ, ಅದನ್ನು ಮುಟ್ಟಲಾರೆ, ಮುಟ್ಟಿದರೆ ಅವನ ಮುಖಕ್ಕೇ ಒರೆಸಿಬಿಡುತ್ತೇನೆ, ಅಕ್ಕಿ ಅವನ ಮೂಗಿನೊಳಗೆ ಹೋಗುವವರೆಗೆ, ಅವಳ ಮೂಗಿನೊಳಗೆ ಮರಳು ಹೋದಂತೆ. ತಲೆ ಎಣಿಸಬೇಡ ಎಂದವನು ಇವನೇ, ಐದು ವರ್ಷದ ಹಿಂದೆ, ಇದೇ ಕುರ್ಚಿಯಲ್ಲಿ, ಬೆರಳು ತೋರಿಸಿ ಒಂದು ಎರಡು ಎಂದರೆ ನಮ್ಮ ಕಡೆಯ ಹಿರಿಯರಿಗೆ ಆಗುವುದಿಲ್ಲ, ಕಣ್ಣು ತಾಗುತ್ತದೆ ಎನ್ನುತ್ತಾರೆ, ಅವರೇನು ಕೋಳಿಗಳಾ, ತಲೆಗೊಂದರಂತೆ ಊಟದ ಪೊಟ್ಟಣ ಎಣಿಸಿ ಹಂಚು, ಖಾಲಿಯಾದರೆ ಎಲ್ಲರೂ ಹತ್ತಿದ ಲೆಕ್ಕ, — ಎಷ್ಟು ಜಾಣ ಎಂದು ನಾನೂ ನಕ್ಕಿದ್ದೆ, ಲಂಡನ್ನಿನಿಂದ ಅಮೆರಿಕದ ಮರುಭೂಮಿಯವರೆಗೆ ಅದೇ ಲೆಕ್ಕದಲ್ಲಿ ಎಷ್ಟು ಬಸ್ಸು ತುಂಬಿಸಿದ್ದೇನೆ, ಒಬ್ಬರೂ ತಪ್ಪಿರಲಿಲ್ಲ.

ಸೀಳು ಎಂದರೆ ಸೀಳೇ, ಎರಡು ಭುಜಕ್ಕೂ ಬಂಡೆ ತಾಗುತ್ತದೆ, ಕೆಂಪು ಗೋಡೆ ನೂರು ಅಡಿ ಏರಿ ಆಕಾಶ ಒಂದು ಗೀರು, ಸುಲಿದ ಪ್ರಾಣಿಯ ಒಳಗೆ ನಡೆದ ಹಾಗೆ, ಅಲ್ಲಿನ ಗೈಡ್ ಹೆಂಗಸು ಒಮ್ಮೆಲೇ ನಿಂತು ಗೋಡೆಗೆ ಅಂಗೈ ಒತ್ತಿದಳು, ಇಲ್ಲಿ ಬಿಸಿಲು, ಮೇಲೆ ಎಲ್ಲೋ ಮಳೆ, ನೀರು ನುಗ್ಗುತ್ತದೆ, ಎಲ್ಲರೂ ಹೊರಗೆ, ಈಗಲೇ. ಹೊರಗೆ ಬಂದ ಹೊತ್ತಿಗೆ ನನ್ನ ಕಿಸೆಯಲ್ಲಿ ಲಕ್ಷ್ಮೀಶಣ್ಣನ ಕರೆ — ನದಿಯ ತಿರುವಿನಲ್ಲಿ ಸೂರ್ಯ ಮುಳುಗುವುದು ತಪ್ಪಿದರೆ ನೋಡು, ಕರಪತ್ರದ ಮುಖದ ಮೇಲೆ ಅದನ್ನೇ ಹಾಕಿದ್ದೇನೆ — ಬಸ್ಸಿನ ಮೆಟ್ಟಿಲಲ್ಲಿ ನಿಂತು ನಾನು ಪೊಟ್ಟಣ ಹಂಚುತ್ತೇನೆ, ಮೋಟೆಲಿನ ಗುಜರಾತಿ ಅಡುಗೆಯವ ಕಟ್ಟಿದ ಇಪ್ಪತ್ತೆರಡು, ಜೇಮ್ಸ್ ಬಾಬ್ ಎರಡು ಕೈ ಚಾಚುತ್ತಾರೆ, ಟ್ರೀಸಾಳದೂ ಕೊಡು ಮಗಾ, ಅವಳು ಹಿಂದೆ ಹೆಂಗಸರ ಜೊತೆ ಹಾಡಲಿಕ್ಕೆ ಕೂತಿರಬೇಕು. ಕೊಟ್ಟೆ. ಪೆಟ್ಟಿಗೆ ಖಾಲಿ. ಎಲ್ಲರೂ ಬಂದರಾ ಎಂದು ಗೈಡ್ ಕೇಳಿದಳು, ನಾನು ಖಾಲಿ ಪೆಟ್ಟಿಗೆಯನ್ನು ಅವಳ ಕಣ್ಣ ಮುಂದೆ ತಲೆಕೆಳಗು ಮಾಡಿ ತೋರಿಸಿದೆ, ಆಲ್, ಆಲ್ ಎಂದೆ.

ಸೀಳಿಗೆ ನೀರು ನುಗ್ಗಿದ ಸದ್ದು ನನಗೆ ಕೇಳಿಸಲಿಲ್ಲ, ನಾವು ಆಗ ಮೈಲುಗಟ್ಟಲೆ ದೂರ, ನದಿಯ ಮೇಲಿನ ಬಂಡೆಯಂಚಿನಲ್ಲಿ, ನಮ್ಮ ಬಸ್ಸಿನ ಎವ್ಲಿನ್ ಫೋಟೋಗೆ ಕೈ ಅಗಲಿಸಿದ್ದಾಳೆ — ಆದರೂ ಈಗ ಕೇಳುತ್ತದೆ, ಈ ಡ್ರಿಲ್ಲಿನಲ್ಲಿ, ನೀರಲ್ಲ ಅದು, ಕಲ್ಲು, ಮರದ ಬೊಡ್ಡೆ, ಕೆಸರು, ಗೋಡೆಯಿಂದ ಗೋಡೆಗೆ ಬಡಿಯುತ್ತಾ, ಅವಳ ಉಗುರುಗಳಿರಲಿಲ್ಲ, ಮರುದಿನ ಮೂರು ಮೈಲು ಕೆಳಗೆ ಸಿಕ್ಕಾಗ ಹತ್ತರಲ್ಲಿ ಏಳು ಉಗುರು ಇರಲಿಲ್ಲ, ಬಂಡೆ ಏರಲು ನೋಡಿದ್ದಾಳೆ, ಎಷ್ಟು ಹೊತ್ತು, ಯಾರನ್ನು ಕರೆಯುತ್ತಾ. ಸೆಲ್ಫಿಗಾಗಿ ತಾನೇ ಹಿಂದಕ್ಕೆ ಹೋದಳು ಎಂದು ಮೊದಲು ನನ್ನಿಂದ ಹೇಳಿಕೆ ಬರೆಸಿದ ಇವನು, ಅವಳ ಫೋನು ಜೇಮ್ಸ್ ಬಾಬರ ಕಿಸೆಯಲ್ಲೇ ಇತ್ತು ಎಂದಾಗ ಆ ಹಾಳೆ ಹರಿದ. ಈಗ ಹೊಸ ಹಾಳೆ. ಹೆಂಡತಿ ಬಸ್ಸಿನಲ್ಲಿದ್ದಾಳೆಂದು ಗಂಡನೇ ಸುಳ್ಳು ಹೇಳಿ ಎರಡು ಪೊಟ್ಟಣ ಪಡೆದ ಎಂದು. ಸೋಮವಾರ ಕರೋನರ್ ಮುಂದೆ ಸಾವಿನ ವಿಚಾರಣೆ, ಅದಕ್ಕೆ ಮೊದಲು ಮುದುಕನ ಬಾಯಿಂದ ಹೌದು ಎನ್ನಿಸಬೇಕು, ನಾನು ಕೇಳಿದರೆ ಹೌದು ಎನ್ನುತ್ತಾರೆ, ಅವಳನ್ನು ಮಣ್ಣು ಮಾಡಿದ ದಿನ ನನ್ನ ಭುಜ ಹಿಡಿದೇ ನಡೆದವರು.

ಕಾಣ್ ಮಾರಾಯ್ತಿ, ನಿನ್ನ ವೀಸಾ ನನ್ನ ಲೈಸೆನ್ಸಿನ ಮೇಲೆ ನಿಂತದ್ದ್, ನಾಳೆ ನಾ ಒಂದ್ ಇಮೇಲ್ ಹಾಕ್ರೆ ಅರವತ್ತ್ ದಿನದಲ್ಲಿ ಕುಂದಾಪ್ರ, — ಅಗಿಯುತ್ತಲೇ ಹೇಳುತ್ತಾನೆ, ಗಡ್ಡದಲ್ಲಿ ಒಂದು ಬಟಾಣಿ, ಮೇಜಿನ ಮೇಲೆ ಫೋರ್ಕು, ಅದು ಅವನ ಕೈಯ ಹಿಂಬದಿಗೆ ಎಷ್ಟು ಆಳ ಇಳಿದೀತು, — ತಾನೇ ನಂಬರು ಒತ್ತಿ ಫೋನನ್ನು ನನ್ನ ಕಿವಿಗೆ ಹಿಡಿಯುತ್ತಾನೆ, ಹೇಸ್‌ನ ಜೇಮ್ಸ್ ಬಾಬರ ಬಾಡಿಗೆ ಮನೆಯಲ್ಲಿ ರಿಂಗಾಗುತ್ತಿದೆ, ಮುದುಕನ ಕೆಮ್ಮು, ಹೇಳು ಮಗಾ, ಊಟ ಆಯ್ತಾ ನಿಂದು.

ಊಟ. ಸ್ಪೀಕರಿಗೆ ಹಾಕುತ್ತೇನೆ, ಇವನಿಗೂ ಕೇಳಲಿ. ಬಾಬ್, ಎಣಿಸದೆ ಬಸ್ಸು ಬಿಟ್ಟದ್ದು ನಾನು, ಪೆಟ್ಟಿಗೆ ತೋರಿಸಿದ್ದು ನಾನು, ಸೋಮವಾರ ಅಲ್ಲಿ ಇದನ್ನೇ ಹೇಳುತ್ತೇನೆ, ಹಾಗೆ ಎಣಿಸಲು ಹೇಳಿಕೊಟ್ಟದ್ದು ಯಾರೆಂದೂ. ಇವನು ಫೋನಿಗೆ ಕೈ ಹಾಕುತ್ತಾನೆ, ಮಣಿಕಟ್ಟು ತಿರುಚುತ್ತಾನೆ, ಹೇಳು, ಅವರೇ ಎರಡು ತಗೊಂಡದ್ದು ಅಂತ ಹೇಳು, ಎಲುಬು ಚಟ್ಟೆನ್ನುತ್ತದೆ, ನಾ ಹೇಳುದಿಲ್ಲೆ. ಹೇಳು. ಹೇಳುದಿಲ್ಲೆ — ನೋವು ಭುಜಕ್ಕೆ ಏರುತ್ತದೆ, ಡ್ರಿಲ್ಲು ನಿಂತಿದೆ, ಮತ್ತೆ ಆ ಸಂಜೆ, ಬಂಡೆಯಂಚಿನಲ್ಲಿ ಸೂರ್ಯ ಮುಳುಗಿದ್ದಾನೆ, ಜೇಮ್ಸ್ ಬಾಬ್ ಬಸ್ಸಿನ ಹಿಂದಿನ ಸೀಟಿನವರೆಗೆ ಹೋಗಿ ಅವಳನ್ನು ಕಾಣದೆ ಮರಳಿ ಬಂದು ಕೂತಿದ್ದಾರೆ, ಮೊಣಕಾಲ ಮೇಲೆ ಟ್ರೀಸಾಳ ಪೊಟ್ಟಣ, ಬಿಚ್ಚಿಲ್ಲ, ಎರಡೂ ಕೈಯಲ್ಲಿ ಮುಚ್ಚಿಕೊಂಡಿದ್ದಾರೆ, ಆರಬಾರದೆಂದು.